ಮೀನನ್ನು ಕೆರೆಯಲ್ಲೇ ನಿಲ್ಲಿಸಿದ ವರ್ಷ

ತೊಂಬತ್ತರ ದಶಕದ ನಡುವಿನ ಆ ವರ್ಷಗಳಲ್ಲಿ ನಾನು ಸಿಂಗಾಪುರದ ಟೋವಾ ಪಾಯೋದ ನಮ್ಮ ಬ್ಲಾಕಿನ ವಾಯ್ಡ್ ಡೆಕ್‌ನಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಭರತನಾಟ್ಯ ಹೇಳಿಕೊಡುತ್ತಿದ್ದೆ. ಶುರು ಮಾಡಿದ್ದು ಮನೆಯಲ್ಲೇ. ಒಂಬತ್ತು ಮಕ್ಕಳು ಒಟ್ಟಿಗೆ ಕಾಲು ತಟ್ಟತೊಡಗಿದರೆ ಕೆಳಗಿನ ಮನೆಯ ಚೀನೀ ಆಂಟಿ ಪೊರಕೆಯ ಹಿಡಿಯಿಂದ ತಮ್ಮ ಸೀಲಿಂಗಿಗೆ ಕುಟ್ಟುತ್ತಿದ್ದರು. ಅವರ ತಾಳ ನನ್ನ ಮಕ್ಕಳ ತಾಳಕ್ಕಿಂತ ಶುದ್ಧವಾಗಿತ್ತು ಅನ್ನುವುದು ಬೇರೆ ಮಾತು. ಕೊನೆಗೆ ನಾನೇ ಸೋತು ಚಾಪೆ, ಟೇಪ್ ರೆಕಾರ್ಡರ್, ತಾಳ ಹಾಕುವ ಕೋಲು, ಮರದ ಮಣೆ ಎಲ್ಲ ಹೊತ್ತುಕೊಂಡು ಕಟ್ಟಡದ ಬುಡದಲ್ಲಿದ್ದ ಆ ಗೋಡೆಯಿಲ್ಲದ ಜಾಗಕ್ಕೆ ಇಳಿದೆ.

ವಾರದ ಐದು ದಿನ ತಂಜಾಂಗ್ ಪಗಾರಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಯಾರೋ ಬರೆದುಕೊಟ್ಟ ಪತ್ರಗಳನ್ನು ತಪ್ಪಿಲ್ಲದೆ ಟೈಪ್ ಮಾಡುವುದು ನನ್ನ ಹೊಟ್ಟೆಪಾಡು, ಶನಿವಾರದ ಎರಡು ಗಂಟೆ ನನ್ನ ಬದುಕು. ಉಡುಪಿಯಲ್ಲಿ ಹನ್ನೊಂದು ವರ್ಷ ಕಲಿತವಳು ನಾನು. ನಮ್ಮಲ್ಲಿ ಒಬ್ಬ ಶಿಷ್ಯೆಯ ರಂಗಪ್ರವೇಶವನ್ನಾದರೂ ಮಾಡಿಸದ ಟೀಚರನ್ನು ಯಾರೂ ಟೀಚರ್ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂಬತ್ತು ಮಕ್ಕಳಲ್ಲಿ ಅದಕ್ಕೆ ತಕ್ಕವಳು ಒಬ್ಬಳೇ. ಏಳನೇ ವಯಸ್ಸಿಗೆ ಬಂದವಳು, ಆಗ ಹದಿಮೂರು. ಮಂಡಿ ಮಡಿಸಿ ಅರೆಮಂಡಿಯಲ್ಲಿ ಕೂತಳೆಂದರೆ ಹತ್ತು ನಿಮಿಷ ಅಲುಗುತ್ತಿರಲಿಲ್ಲ. ಅವಳ ಮೇಲೆ ನನ್ನ ಕಣ್ಣು ಎಷ್ಟಿತ್ತೆಂದರೆ, ರಂಗಪ್ರವೇಶದ ಸೀರೆಯ ಬಣ್ಣವನ್ನೂ ಯೋಚಿಸಿಟ್ಟಿದ್ದೆ. ಅವಳಿಗೆ ಇಷ್ಟವಿದೆಯೇ ಎಂದು ಮಾತ್ರ ಆರು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇಕೆ. ಅಡವಿನ ಹೆಜ್ಜೆ ಮೂರನೇ ಕಾಲದ ವೇಗದಲ್ಲಿ ಸರಿಯಾಗಿ ಬರುವತನಕ ಯಾರಿಗೂ ನೀರು ಕುಡಿಯಲು ಬಿಡುತ್ತಿರಲಿಲ್ಲ. ಬಾಟಲಿಗಳೆಲ್ಲ ನನ್ನ ಹಿಂದೆ ಸಾಲಾಗಿ ನಿಂತಿರುತ್ತಿದ್ದವು. ಸರಿಯಾಗಿ ಮಾಡಿದವಳಿಗೆ ಮೊದಲು ಬಾಟಲಿ. ನನ್ನ ಟೀಚರ್ ನನಗೂ ಹಾಗೇ ಮಾಡಿದ್ದರು, ಅದೇ ಶಿಸ್ತು ಎಂದುಕೊಂಡಿದ್ದೆ.

ಆ ವರ್ಷ ಜೂನ್ ತಿಂಗಳ ಶಾಲಾ ರಜೆಗೆ ಮುಂಚೆ, ಆ ಹದಿಮೂರರ ಹುಡುಗಿಯ ತಾಯಿ ಒಂದು ಸುದ್ದಿ ತಂದರು. ಆಕೆ ಬೆಂಗಳೂರಿನವರು, ಒಂದು ಜಾಹೀರಾತು ಕಂಪನಿಯಲ್ಲಿ ಕೆಲಸ. ಸಮುದ್ರದ ಪ್ರಾಣಿಗಳನ್ನು ಕುಣಿಸಿ ತೋರಿಸುವ ಒಂದು ಪಾರ್ಕು ಅವರ ಗಿರಾಕಿ. ಆ ಪಾರ್ಕ್ ಈಗಿಲ್ಲ, ಅದರ ಹೆಸರೂ ಇಲ್ಲಿ ಬೇಡ. ಅಲ್ಲಿಗೆ ಹೊಸದಾಗಿ ಒಂದು ತಿಮಿಂಗಿಲ ಬಂದಿತ್ತು.

"ಮೇಡಂ, ಚಾನ್ಸ್ ಮಿಸ್ ಮಾಡ್ಕೋಬೇಡಿ," ಎಂದರು. "ಹಾಲಿಡೇಸ್ ಪೂರ್ತಿ ಡೈಲಿ ಎರಡು ಶೋ. ಲಯನ್ ಡ್ಯಾನ್ಸ್ ಬುಕ್ ಆಗಿದೆ, ಮಲಯ್ ಡ್ರಮ್ಸ್ ಬುಕ್ ಆಗಿದೆ, ಇಂಡಿಯನ್ ಐಟಂ ಒಂದು ಬೇಕಂತೆ. ಬ್ರೋಷರ್‌ನಲ್ಲಿ ನಮ್ಮ ಮಗಳ ಫೋಟೋ ಬರುತ್ತೆ. ಇದು ಕ್ಲಿಕ್ ಆದ್ರೆ ನೆಕ್ಸ್ಟ್ ಇಯರ್ ರಂಗಪ್ರವೇಶಕ್ಕೆ ಅವರೇ ಹಾಲ್ ಸ್ಪಾನ್ಸರ್ ಮಾಡ್ತಾರೆ. ನಾನು ಆಲ್‌ರೆಡಿ ಮಾತಾಡಿದೀನಿ."

ನನಗೆ ಆ ರಾತ್ರಿಯ ಅಡುಗೆಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ಹಾಕಿರಲಿಲ್ಲವೆಂದು ನಮ್ಮ ಯಜಮಾನರು ಇಂದಿಗೂ ಹೇಳುತ್ತಾರೆ.

ಮತ್ಸ್ಯಾವತಾರ ಮಾಡಿಸೋಣ ಎಂದು ಹೊಳೆದದ್ದು ನನಗೇ. ಆ ಬುದ್ಧಿವಂತಿಕೆಯ ಪಾಲನ್ನು ಬೇರೆ ಯಾರಿಗೂ ಕೊಡುವಂತಿಲ್ಲ. ಮುಂದೆ ಮಕ್ಕಳು ಮೀನಿನ ಕಥೆ ಕುಣಿಯುವುದು, ಹಿಂದೆ ನಿಜವಾದ ತಿಮಿಂಗಿಲ ನೀರಿನಿಂದ ಮೇಲೇಳುವುದು. ಕೇಳಿದ ತಂದೆತಾಯಂದಿರಿಗೆಲ್ಲ ರೋಮಾಂಚನ. "ದೇವರೇ ಎದ್ದು ಬಂದ ಹಾಗಿರುತ್ತೆ ಮೇಡಂ," ಎಂದರು ಒಬ್ಬರು. ಎಂಟು ವರ್ಷದ ಒಂದು ಪುಟಾಣಿ ಮಾತ್ರ, "ಆಂಟಿ, ವೇಲ್ ಈಸ್ ನಾಟ್ ಅ ಫಿಶ್ ಲಾ. ಅದು ಮ್ಯಾಮಲ್," ಎಂದಿತು. "ದೇವರಿಗೆ ಅದೆಲ್ಲ ನಡೆಯುತ್ತೆ, ನೀನು ಕಾಲು ತಟ್ಟು," ಎಂದೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ರಾಜ ನದಿಯಲ್ಲಿ ಅರ್ಘ್ಯ ಬಿಡಲು ಬೊಗಸೆಯಲ್ಲಿ ನೀರೆತ್ತಿಕೊಂಡಾಗ ಪುಟ್ಟ ಮೀನೊಂದು ಬಂದು ಕಾಪಾಡು ಎನ್ನುತ್ತದೆ. ಕಮಂಡಲದಲ್ಲಿ ಬಿಡುತ್ತಾನೆ, ಬೆಳಗಾಗುವುದರಲ್ಲಿ ಅದಕ್ಕೆ ಜಾಗ ಸಾಲದು. ಕೊಡದಲ್ಲಿ ಬಿಡುತ್ತಾನೆ, ಸಾಲದು. ಕೆರೆ, ಅದೂ ಸಾಲದು. ಕೊನೆಗೆ ಹೊತ್ತುಕೊಂಡು ಹೋಗಿ ಸಮುದ್ರಕ್ಕೆ ಬಿಡುತ್ತಾನೆ. ಆ ಹುಡುಗಿ ಮೀನು. ಮೊದಲು ಎರಡು ಬೆರಳಿನಷ್ಟು, ಆಮೇಲೆ ಅಂಗೈಯಷ್ಟು, ಆಮೇಲೆ ಎರಡೂ ತೋಳು ಚಾಚಿದರೂ ಮುಗಿಯದಷ್ಟು. ನಾನು ಜೋಡಿಸಿದ್ದ ಎಲ್ಲ ಐಟಂಗಳಲ್ಲಿ ಅದೇ ಚೆನ್ನಾಗಿತ್ತು. ಹನ್ನೆರಡು ನಿಮಿಷ.

ಪಾರ್ಕಿನ ಮ್ಯಾನೇಜರ್ ಒಂದು ಶನಿವಾರ ವಾಯ್ಡ್ ಡೆಕ್‌ಗೇ ಬಂದು ನೋಡಿದ. ಒಳ್ಳೆಯ ಮನುಷ್ಯ, ಮಕ್ಕಳಿಗೆಲ್ಲ ಜ್ಯೂಸ್ ಪ್ಯಾಕೆಟ್ ತಂದಿದ್ದ. ಚಪ್ಪಾಳೆ ತಟ್ಟಿ ಗಡಿಯಾರ ನೋಡಿಕೊಂಡ. ತುಂಬ ಚೆಂದ, ಆದರೆ ಏಳೇ ನಿಮಿಷ ಕೊಡಬಲ್ಲೆ ಎಂದ. ಅವನೇ ದಾರಿಯನ್ನೂ ತೋರಿಸಿದ: ಮೀನು ಕೆರೆಯಲ್ಲಿ ದೊಡ್ಡದಾಗುತ್ತದಲ್ಲ, ಅಲ್ಲಿಗೆ ನಿಲ್ಲಿಸಿಬಿಡಿ. ಹುಡುಗಿ ಕೈ ಚಾಚಿ ನಿಲ್ಲಲಿ, ಹಿಂದಿನಿಂದ ನಮ್ಮ ತಿಮಿಂಗಿಲ ಹಾರಲಿ, ಮುಗಿಯಿತು. ಸಮುದ್ರ ಯಾಕೆ ಬೇಕು?

ಅದರಲ್ಲಿ ತಪ್ಪೇನೂ ಕಾಣಲಿಲ್ಲ ನನಗೆ. ಮನೆಗೆ ಹೋಗಿ ನೋಟ್‌ಬುಕ್ ತೆಗೆದು ಕೊನೆಯ ಎರಡು ಪುಟಗಳಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದೆ. ಮುಂದಿನ ವಾರ ಮಕ್ಕಳಿಗೆ ಹೇಳಿಕೊಟ್ಟಾಗ ಆ ಹುಡುಗಿ ಕೇಳಿದಳು, "ಆಂಟಿ, ಕೆರೆ ಆದ್ಮೇಲೆ ಮೀನು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಇಲ್ಲ. ಪೋಸ್ ಕೊಟ್ಟು ನಿಂತ್ಕೋ," ಎಂದೆ.

ರಿಹರ್ಸಲ್ ಒಂದು ವಾರದ ದಿನ ಬೆಳಿಗ್ಗೆ. ಆಫೀಸಿಗೆ ರಜೆ ಹಾಕಿ, ಒಂಬತ್ತು ಮಕ್ಕಳು ಮತ್ತು ನಾಲ್ವರು ತಾಯಂದಿರನ್ನು ಕರೆದುಕೊಂಡು ಹೋದೆ. ನಮ್ಮ ಹೌಸಿಂಗ್ ಎಸ್ಟೇಟಿನ ಈಜುಕೊಳಕ್ಕಿಂತ ಕೊಂಚ ದೊಡ್ಡದಾದ ದುಂಡನೆಯ ತೊಟ್ಟಿ, ಒಳಗೆಲ್ಲ ತಿಳಿನೀಲಿ ಪೇಂಟು. ತಿಮಿಂಗಿಲ ಕರ್ರಗೆ, ನುಣ್ಣಗೆ ಇತ್ತು. ಚಿತ್ರದಲ್ಲಿ ನೋಡುವ ಗುಡ್ಡದಂಥದ್ದಲ್ಲ, ಸಣ್ಣ ಜಾತಿಯದು. ಆದರೂ ಉದ್ದದಲ್ಲಿ ನಮ್ಮ ಮನೆಯ ಹಾಲಿನಷ್ಟಿತ್ತು. ಒಬ್ಬ ತಾಯಿ ಕೈಮುಗಿದರು. ಇನ್ನೊಬ್ಬರು ಗಲ್ಲ ಗಲ್ಲ ಬಡಿದುಕೊಂಡರು. ಮತ್ತೊಬ್ಬರು ಸೆರಂಗೂನ್ ರೋಡಿನಿಂದ ಮಲ್ಲಿಗೆ ಮಾಲೆಯನ್ನೇ ತಂದಿದ್ದರು, ಯಾರನ್ನೂ ಕೇಳದೆ ನೀರಿಗೆ ಎಸೆದೇಬಿಟ್ಟರು. ಟ್ರೇನರ್ ಹುಡುಗಿ ಓಡಿ ಬಂದು, ಅದು ದಾರವನ್ನು ನುಂಗಿಬಿಡುತ್ತದೆ ಎಂದು ಕೂಗುತ್ತ ಬಲೆ ಹಾಕಿ ಮಾಲೆಯನ್ನು ಎತ್ತಿದಳು. ಮಲಯ್ ಹುಡುಗಿ, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು.

ನಾನು ತೊಟ್ಟಿಯ ಅಂಚಿನಲ್ಲಿ ಮಣೆ ಇಟ್ಟು ಕೂತೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಮೈ ಬೆಚ್ಚಗಾಗಲೆಂದು ಮೊದಲ ಅಡವಿಗೆ ಕೋಲು ತಟ್ಟಿದೆ. ತೈಯ ತೈ, ತೈಯ ತೈ.

ತಿಮಿಂಗಿಲ ಬಂದು ನನ್ನೆದುರಿಗೆ ತಲೆ ಎತ್ತಿ ನಿಂತಿತು.

ಮಕ್ಕಳು ಕಿರುಚಿ ನಕ್ಕರು. ನಾನೂ ನಕ್ಕು ತಟ್ಟುತ್ತಲೇ ಇದ್ದೆ. ಅದು ಬಾಯಿ ತೆರೆಯಿತು. ಸ್ವಲ್ಪ ಕಾದು ಮುಚ್ಚಿಕೊಂಡಿತು. ಮಗುಚಿ ಬಿದ್ದು ಬಾಲ ಆಡಿಸಿ ಮತ್ತೆ ಬಂದು ಬಾಯಿ ತೆರೆಯಿತು. ಆಮೇಲೆ ಒಂದು ರೆಕ್ಕೆ ಎತ್ತಿ ಟಾಟಾ ಮಾಡಿತು, ಬಾಯಿ ತೆರೆಯಿತು. ಆಮೇಲೆ ನಿಂತಲ್ಲೇ ಗಿರ್ರನೆ ತಿರುಗಿತು, ಬಾಯಿ ತೆರೆಯಿತು. ಯಾರೂ ಹೇಳಿರಲಿಲ್ಲ. ತನಗೆ ಗೊತ್ತಿದ್ದದ್ದನ್ನೆಲ್ಲ ಒಂದಾದ ಮೇಲೊಂದು ಮಾಡಿ ತೋರಿಸುತ್ತಿತ್ತು.

ಟ್ರೇನರ್ ಬಂದು ನನ್ನ ಕೈ ಹಿಡಿದಳು. "ಆಂಟಿ, ಪ್ಲೀಸ್, ತಟ್ಟಬೇಡಿ," ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅವರೂ ಅದನ್ನು ಕೆಲಸಕ್ಕೆ ಕರೆಯುವುದು ಅಂಚಿಗೆ ಕೋಲು ತಟ್ಟಿಯೇ ಅಂತೆ. ಕರೆದರು, ಮಾಡಿತು, ತಿನ್ನಲು ಮೀನು ಸಿಗಲಿಲ್ಲ. ಮಾಡಿದ್ದು ತಪ್ಪಾಯಿತೇನೋ ಎಂದು ಇನ್ನೊಂದು ಮಾಡಿ ನೋಡುತ್ತಿದೆ ಎಂದಳು. ತನ್ನ ಬಕೆಟ್ಟಿನಿಂದ ಎರಡು ಮೀನು ತೆಗೆದು ಬಾಯಿಗೆ ಹಾಕಿ ಅದರ ಹಣೆ ಸವರಿದಳು. ಅವಳಿಗೆ ಅದರ ಮೇಲೆ ಪ್ರೀತಿ ಇತ್ತು. ಅದರಲ್ಲಿ ನನಗೆ ಆಗಲೂ ಅನುಮಾನ ಇರಲಿಲ್ಲ, ಈಗಲೂ ಇಲ್ಲ.

"ಹಸಿದಿದೆಯಾ?" ಎಂದು ಕೇಳಿದೆ.

"ಶೋಗೆ ಮೊದಲು ಹೊಟ್ಟೆ ತುಂಬಿಸೋದಿಲ್ಲ ಆಂಟಿ. ತುಂಬಿದ್ರೆ ಕೆಲಸ ಮಾಡೋದಿಲ್ಲ."

"ಒಂಟಿಯಾ?"

"ತಂದಾಗ ಎರಡಿದ್ದವು," ಎಂದಳು. ಇನ್ನೊಂದು ಏನಾಯಿತು ಎಂದು ಕೇಳಿದ್ದಕ್ಕೆ ಅವಳು ಬಕೆಟ್ಟಿನ ಮೀನುಗಳನ್ನು ಎಣಿಸತೊಡಗಿದಳು.

ನನ್ನ ಹಿಂದೆ, ಅಭ್ಯಾಸಬಲದಿಂದ, ಒಂಬತ್ತು ನೀರಿನ ಬಾಟಲಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದೆ.

ಅಷ್ಟಾದರೂ ಎದ್ದು ಬರಲಿಲ್ಲ ನಾನು. ಅದನ್ನೂ ಹೇಳಬೇಕು. ಮ್ಯಾನೇಜರ್ ದೂರದಿಂದ ಕೈ ಎತ್ತಿದ, ಟೇಪ್ ಹಾಕಿದರು, ಐಟಂ ಶುರುವಾಯಿತು. ಬೊಗಸೆ, ಕಮಂಡಲ, ಕೊಡ, ಕೆರೆ. ಹುಡುಗಿ ತೋಳು ಚಾಚಿ ನಿಂತಳು. ಸೀಟಿ ಊದಿದರು, ಅವಳ ಹಿಂದೆ ಆ ಕಪ್ಪು ಮೈ ಪೂರ್ತಿ ನೀರಿನಿಂದ ಮೇಲೆದ್ದು ಧಡಾರನೆ ಬಿತ್ತು. ನಾವೆಲ್ಲ ತೊಯ್ದೆವು. ತಾಯಂದಿರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಅದು ಗೋಡೆಯ ಗುಂಟ ಸುತ್ತತೊಡಗಿತು. ಏನು ಕಂಡರೂ ತಾಳಕ್ಕೆ ಎಣಿಸುವುದು ನನ್ನಂಥವರ ಚಟ. ಎಣಿಸಿದೆ. ಎಂಟು ಎಣಿಕೆಗೆ ಒಂದು ಸುತ್ತು. ಮತ್ತೆ ಎಂಟು, ಮತ್ತೆ ಅದೇ ಜಾಗ. ಮಕ್ಕಳು ಮೈ ಒರೆಸಿಕೊಂಡು ಗೆಜ್ಜೆ ಬಿಚ್ಚುವವರೆಗೂ ಎಣಿಸುತ್ತಿದ್ದೆ, ಒಂದು ಸಲವೂ ಅದು ದಿಕ್ಕು ಬದಲಿಸಲಿಲ್ಲ.

ಕೆರೆ ಸಾಲದು ಎನ್ನುವುದೇ ಆ ಕಥೆ. ಅದನ್ನು ಬಾಲ್ಯದಿಂದ ಕೇಳಿದವಳು, ಮಕ್ಕಳಿಗೆ ಹೇಳಿಕೊಟ್ಟವಳು, ಐದು ನಿಮಿಷ ಉಳಿಸುವುದಕ್ಕೆ ಸಮುದ್ರವನ್ನು ಪೆನ್ಸಿಲಿನಲ್ಲಿ ಹೊಡೆದು ಹಾಕಿದ್ದೆ. ನನಗೆ ನಾಚಿಕೆಯಾಯಿತು. ನಾಚಿಕೆಯ ಬೆನ್ನಿಗೇ ಸಿಟ್ಟು ಬಂತು. ನನ್ನ ಸಿಟ್ಟು ಅಲ್ಲಿಯವರೆಗೆ ಮಕ್ಕಳನ್ನು ಬಿಟ್ಟು ಬೇರೆ ಯಾರ ಮೇಲೂ ಹೋದದ್ದಿಲ್ಲ, ಅಂದು ಮೊದಲ ಸಲ ಅದಕ್ಕೊಂದು ಸರಿಯಾದ ವಿಳಾಸ ಸಿಕ್ಕಿತು.

ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿ ಮ್ಯಾನೇಜರ್ ಹತ್ತಿರ ಹೋದೆ. ನಾವು ಕುಣಿಯುವುದಿಲ್ಲ ಎಂದೆ. ಅವನು ಮೊದಲು ದುಡ್ಡಿನ ಮಾತೆಂದುಕೊಂಡ. ಅಲ್ಲ, ತಿಮಿಂಗಿಲದ ಮಾತು ಎಂದಾಗ ನಿಜಕ್ಕೂ ಬೇಜಾರು ಮಾಡಿಕೊಂಡ. ಇದಕ್ಕೆ ಡಾಕ್ಟರಿದ್ದಾರೆ, ಒಳ್ಳೆಯ ಆಹಾರವಿದೆ, ಇದನ್ನು ನೋಡಿದ ಮಕ್ಕಳು ಸಮುದ್ರವನ್ನು ಪ್ರೀತಿಸಲು ಕಲಿಯುತ್ತಾರೆ ಎಂದ. ಈಗ ಸಮುದ್ರಕ್ಕೆ ಬಿಟ್ಟರೆ ಸತ್ತೇ ಹೋಗುತ್ತದೆ ಲಾ, ಅದು ಬೇಕಾ ನಿಮಗೆ, ಎಂದೂ ಕೇಳಿದ.

ಅದು ಸುಳ್ಳಾಗಿರಲಿಕ್ಕಿಲ್ಲ. ಬೇಟೆಯಾಡುವುದನ್ನು ಮರೆತ ಪ್ರಾಣಿಯನ್ನು ನೀರಿಗೆ ದೂಡಿ ಕೈತೊಳೆದುಕೊಳ್ಳುವುದು ಧರ್ಮವಲ್ಲ. ಆದರೆ ಬಿಡಲಾಗುವುದಿಲ್ಲ ಎನ್ನುವುದು, ಹಸಿವಿನಲ್ಲಿಟ್ಟು ಕುಣಿಸಬಹುದು ಎನ್ನುವುದಕ್ಕೆ ಕಾರಣವಾಗುವುದು ಹೇಗೆ? ಹಾಗೆಂದು ಕೇಳಿದೆ. ಬಿಡಲಾಗದಿದ್ದರೆ ಇಟ್ಟುಕೊಳ್ಳಿ, ಇದಕ್ಕಿಂತ ದೊಡ್ಡ ಜಾಗ ಕೊಡಿ, ಹೊಟ್ಟೆ ತುಂಬ ಹಾಕಿ, ಕುಣಿಸಬೇಡಿ. ಇದು ಹೋದಮೇಲೆ ಇನ್ನೊಂದನ್ನು ತರಬೇಡಿ. ಟೈಪಿಸ್ಟ್ ಇಂಗ್ಲಿಷಿನಲ್ಲಿ, ತಪ್ಪಿಲ್ಲದೆ ಹೇಳಿದೆ. ಅವನು ಭುಜ ಕುಣಿಸಿ, ಟೇಪಿನಲ್ಲಿರುವ ಇಂಡಿಯನ್ ಮ್ಯೂಸಿಕ್ ಸಾಕು ನಮಗೆ ಎಂದು ಹೊರಟುಹೋದ.

ಸುದ್ದಿ ಶನಿವಾರದೊಳಗೆ ಎಲ್ಲ ಮನೆಗಳಿಗೂ ಮುಟ್ಟಿತು. ಅಂದು ಕ್ಲಾಸಿಗೆ ಮಕ್ಕಳ ಜೊತೆ ಅಪ್ಪಂದಿರೂ ಬಂದರು. ಚಾಪೆಯ ಮೇಲೆ ಮಕ್ಕಳು, ಕಲ್ಲಿನ ಬೆಂಚುಗಳ ಮೇಲೆ ದೊಡ್ಡವರು, ನಡುವೆ ನಾನು.

ಹುಡುಗಿಯ ತಾಯಿ ಶುರು ಮಾಡಿದರು. "ಮೇಡಂ, ನನ್ನ ಆಫೀಸಲ್ಲಿ ನನ್ನ ಮರ್ಯಾದೆ ಏನಾಯ್ತು ಗೊತ್ತಾ? ಒಂದು ಅನಿಮಲ್‌ಗೋಸ್ಕರ ಒಂಬತ್ತು ಮಕ್ಕಳ ಫ್ಯೂಚರ್ ಹಾಳು ಮಾಡ್ತೀರಾ?"

ಇನ್ನೊಬ್ಬ ತಾಯಿಯ ಯಜಮಾನರು ಸಾಫ್ಟ್‌ವೇರಿನವರು, ತಣ್ಣಗೆ ಮಾತಾಡುವವರು. "ಬೇಜಾರು ಮಾಡ್ಕೋಬೇಡಿ ಮೇಡಂ, ಲಾಜಿಕಲ್ ಆಗಿ ಕೇಳ್ತೀನಿ. ನೀವೂ ಕೋಲು ತಟ್ತೀರ. ಸರಿ ಮಾಡಿದ್ರೆ ಮಾತ್ರ ನೀರು ಕೊಡ್ತೀರ. ಅವರು ಮೀನು ಕೊಡ್ತಾರೆ. ಡಿಫರೆನ್ಸ್ ಏನು?"

ಅವರು ವ್ಯಂಗ್ಯಕ್ಕೆ ಕೇಳಿದ್ದೋ ಏನೋ. ಆದರೆ ನಾನು ಆ ವಾರವಿಡೀ ನನ್ನನ್ನು ಕೇಳಿಕೊಂಡದ್ದು ಅದನ್ನೇ.

"ನೀರಿನ ವಿಷಯದಲ್ಲಿ ಏನೂ ಡಿಫರೆನ್ಸ್ ಇಲ್ಲ," ಎಂದೆ. "ಅದು ನನ್ನ ತಪ್ಪು. ಇವತ್ತಿಂದ ಬಾಟಲಿ ಮಕ್ಕಳ ಹತ್ತಿರಾನೇ ಇರುತ್ತೆ. ಆದ್ರೆ ಒಂದು ಡಿಫರೆನ್ಸ್ ಇದೆ. ಈ ಮಕ್ಕಳು ಬೇಡ ಅಂದ್ರೆ ಎದ್ದು ಮನೆಗೆ ಹೋಗಬಹುದು. ಅದು ಎಲ್ಲಿಗೆ ಹೋಗುತ್ತೆ? ಬೇಡ ಅಂತ ಹೇಳೋಕಾಗದ ಜೀವಾನ ಕುಣಿಸೋದು ಕಲೆ ಅಲ್ಲ. ಅದರ ಪಕ್ಕ ನಿಂತು ನಾನು ಕುಣಿಸಲ್ಲ, ನೀವು ಯಾರು ಬಿಟ್ಟು ಹೋದ್ರೂ ಸರಿ."

ಚೆನ್ನಾಗಿ ಹೇಳಿದೆ ಎಂದು ನನಗೇ ಅನ್ನಿಸಿತು. ಒಬ್ಬಿಬ್ಬರು ತಲೆಯನ್ನೂ ಆಡಿಸಿದರು.

ಆಗ ಚಾಪೆಯ ಮೇಲಿಂದ ಆ ಹುಡುಗಿ ಎದ್ದು ನಿಂತಳು. ಆರು ವರ್ಷದಲ್ಲಿ ದೊಡ್ಡವರ ಮಾತಿನ ನಡುವೆ ಬಾಯಿ ಹಾಕಿದವಳಲ್ಲ.

"ನಿಜವಾಗ್ಲೂ ಹೋಗಬಹುದಾ ಆಂಟಿ?"

"ಏನು?" ಎಂದೆ.

"ಬೇಡ ಅಂದ್ರೆ. ನಂಗೆ ಡ್ಯಾನ್ಸ್ ಬೇಡ. ಫಸ್ಟಿಂದಾನೂ ಬೇಡ." ಅವಳ ಮಾತು ತಡವರಿಸಲಿಲ್ಲ. "ನಾನು ಹೇಳಿದ್ರೆ ಅಮ್ಮ ಬೈತಾರೆ, ನೀವೂ ಬೈತೀರ ಅಂತ ಹೇಳ್ಲಿಲ್ಲ."

ಅವಳ ತಾಯಿ, "ಹುಚ್ಚು ಹಿಡೀತಾ ನಿಂಗೆ? ಸಿಟ್ ಡೌನ್!" ಎಂದರು. ಮಿಕ್ಕವರೆಲ್ಲ ನನ್ನ ಮುಖ ನೋಡಿದರು.

ಆ ಕ್ಷಣದಲ್ಲಿ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಬೇರೆ ಯಾರಾದರೂ ಆಗಬಾರದಿತ್ತೇ, ಎಂದುಕೊಂಡೆ. ಅರೆಮಂಡಿ ಬಾರದ ಎಂಟು ಜನ ಇದ್ದಾರಲ್ಲ, ಅವರಲ್ಲಿ ಒಬ್ಬಳು ಏಳಬಾರದಿತ್ತೇ. ಮಕ್ಕಳಾಟಿಕೆ, ಆಮೇಲೆ ಮಾತಾಡೋಣ ಎಂದು ನಗುತ್ತ ಹೇಳಿ ಅವಳನ್ನು ಕೂರಿಸಿಬಿಡುವುದು ನನಗೆ ಕಷ್ಟವೇ ಇರಲಿಲ್ಲ. ನಾನು ಕಣ್ಣು ಬಿಟ್ಟರೆ ಅವಳು ಕೂರುತ್ತಿದ್ದಳು.

"ಹೋಗಬಹುದು," ಎಂದೆ. ಎರಡನೇ ಸಲ ಹೇಳಬೇಕಾಯಿತು, ಮೊದಲನೆಯದು ಯಾರಿಗೂ ಕೇಳಿಸಿರಲಿಲ್ಲ.

ಆ ದಿನ ಐವರು ಬಿಟ್ಟು ಹೋದರು. ನಾಲ್ವರು ಉಳಿದರು. ಪಾರ್ಕಿನಲ್ಲಿ ಟೇಪು ಹಾಕಿ ಶೋ ನಡೆಯಿತು, ಜನ ತುಂಬಿ ಬಂದರಂತೆ. ನಾನು ಪ್ರತಿ ತಿಂಗಳ ಮೊದಲ ಸೋಮವಾರ, ಊಟದ ಬಿಡುವಿನಲ್ಲಿ, ಪಾರ್ಕಿನವರಿಗೆ, ಕುಣಿಸಬೇಡಿ ಎಂದು, ಒಂದು ಪತ್ರ ಟೈಪ್ ಮಾಡಿ ಹಾಕುತ್ತಿದ್ದೆ. ಪೇಪರಿನವರಿಗೆ ಅದರದೊಂದು ಪ್ರತಿ. ಪೇಪರಿನಲ್ಲಿ ಒಂದು ಸಲ ಬಂತು, ಅರ್ಧ ಕತ್ತರಿಸಿ. ಆಫೀಸಿನಲ್ಲಿ ನನಗೆ ವೇಲ್ ಆಂಟಿ ಎಂದು ಹೆಸರಿಟ್ಟರು. ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ವರ್ಷ ಬರೆದೆ. ಆಮೇಲೆ ತಿಮಿಂಗಿಲದ ಶೋ ನಿಂತಿದೆ ಎಂದಷ್ಟೇ ಗೊತ್ತಾಯಿತು. ಅದು ಏನಾಯಿತೆಂದು ಕೇಳಿ ಬರೆದ ಪತ್ರಕ್ಕೂ ಉತ್ತರ ಬರಲಿಲ್ಲ. ಗೆದ್ದೆ ಎಂದು ಹೇಳಲಾರೆ. ನಿಲ್ಲಿಸದೆ ಬರೆದೆ, ಅಷ್ಟು ಹೇಳಬಲ್ಲೆ.

ಹುಡುಗಿಯ ತಾಯಿ ಒಂದು ತಿಂಗಳಾದ ಮೇಲೆ ಮನೆಗೆ ಬಂದರು. ಈ ಸಲ ಸಿಟ್ಟಿರಲಿಲ್ಲ, ಕಣ್ಣಲ್ಲಿ ನೀರಿತ್ತು. "ನನ್ನ ಮಾತು ಕೇಳ್ತಿಲ್ಲ ಮೇಡಂ. ಆದ್ರೆ ನಿಮಗೆ ಹೆದರ್ತಾಳೆ. ನೀವೊಂದು ಸಲ ಬಾ ಅಂದ್ರೆ ಸಾಕು, ಬಂದೇ ಬರ್ತಾಳೆ. ರಂಗಪ್ರವೇಶ ನಿಮಗೂ ಆಸೆ ಅಲ್ವಾ?"

ಆಸೆ ಇತ್ತು. ಅವರ ಕೈ ಹಿಡಿದು, "ಬಂದೇ ಬರ್ತಾಳೆ, ಗೊತ್ತು. ಅದಕ್ಕೇ ಕರೆಯಲ್ಲ," ಎಂದೆ. ಅವರು ಚಹಾ ಮುಟ್ಟದೆ ಎದ್ದು ಹೋದರು.

ಅವರೂ ನಮ್ಮ ಬ್ಲಾಕಿನವರೇ. ಆ ಹಳೆಯ ಬ್ಲಾಕುಗಳಲ್ಲಿ ಲಿಫ್ಟು ಎಲ್ಲ ಮಹಡಿಗೂ ನಿಲ್ಲುತ್ತಿರಲಿಲ್ಲ. ನಾನು ಆರಕ್ಕೆ ಇಳಿದು ಒಂದು ಮೆಟ್ಟಿಲಸಾಲು ಹತ್ತಬೇಕು, ಅವರದು ಹನ್ನೊಂದು. ವರ್ಷದ ಕೊನೆಯ ಒಂದು ಸಂಜೆ ಆಫೀಸಿನಿಂದ ಬಂದು ಲಿಫ್ಟಿಗೆ ಕಾಲಿಟ್ಟರೆ ಒಳಗೆ ಅವಳೊಬ್ಬಳೇ. ಕೈಯಲ್ಲಿ ಬ್ಯಾಡ್ಮಿಂಟನ್ ಬ್ಯಾಟು, ಕೂದಲು ಕುತ್ತಿಗೆಯವರೆಗೆ ಕತ್ತರಿಸಿದ್ದಳು. ಗೋಡೆಗೆ ಒರಗಿ ಏನೋ ಗುನುಗುತ್ತಿದ್ದವಳು ನನ್ನನ್ನು ಕಂಡಳು. ಗುನುಗು ನಿಂತಿತು. ಬೆನ್ನು ತಾನಾಗಿ ನೆಟ್ಟಗಾಯಿತು, ಭುಜ ಹಿಂದೆ ಹೋಯಿತು, ಕಾಲಿನ ಹೆಬ್ಬೆರಳುಗಳು ಹೊರಕ್ಕೆ ತಿರುಗಿದವು. ಬಾಗಿಲು ಮುಚ್ಚುವಷ್ಟರಲ್ಲಿ ಹದಿಮೂರು ವರ್ಷದ ಮಗು ನನ್ನೆದುರು ಅಪ್ಪಣೆಗೆ ಕಾದು ನಿಂತಿತ್ತು. ನಾನು ಒಂದು ಮಾತೂ ಆಡಿರಲಿಲ್ಲ.

"ಆರಾಮಾಗಿ ನಿಂತ್ಕೋ ಮಗಳೇ," ಎಂದೆ.

ಅವಳು "ಸರಿ ಆಂಟಿ" ಎಂದಳು, ಆದರೆ ಆಗಲಿಲ್ಲ. ಆರನೇ ಮಹಡಿ ಬಂತು. ನಾನಲ್ಲಿದ್ದರೆ ಅವಳಿಂದಾಗುವುದಿಲ್ಲವೆಂದು ಗೊತ್ತಾಗಿ, ಹಿಂದೆ ತಿರುಗಿ ನೋಡದೆ ಇಳಿದುಕೊಂಡೆ.